ಹಸುವಿಗೆ ಕಾಲರ್ ಕಟ್ಟೋದಾ, ಬೇಡವಾ?

ಪ್ರಶ್ನೆ: ಡಾಕ್ಟ್ರೇ, ಸಿರುಗುಪ್ಪ ಹತ್ತಿರ ನಮ್ಮೂರು. ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಇವೆ, ಡೈರಿಗೆ ಹಾಲು ಹಾಕುತ್ತೇವೆ. ಹಸುವಿನ ಕೊರಳಿಗೆ ಕಟ್ಟುವ ಕಾಲರ್ ಮಾರಲು ಒಬ್ಬರು ಬಂದಿದ್ದರು. ಬೆದೆ, ಕಾಯಿಲೆ ಎಲ್ಲ ಮೊಬೈಲಿಗೇ ಬರುತ್ತದೆ ಅಂದರು. ಎರಡು ಹಸು ನಾಲ್ಕು ತಿಂಗಳಿಂದ ಗಬ್ಬ ನಿಂತಿಲ್ಲ. ತಗೊಳ್ಳಲಾ?

ಉತ್ತರ: ಒಂದು ವಿಷಯ ನೀವು ಬರೆದಿಲ್ಲ. ಹಸುಗಳನ್ನು ಕಟ್ಟಿ ಸಾಕುತ್ತೀರೋ, ಬಿಟ್ಟು ಸಾಕುತ್ತೀರೋ? ನಮ್ಮ ಕಡೆ ಗೂಟಕ್ಕೆ ಕಟ್ಟೋದೇ ಜಾಸ್ತಿ, ನಿಮ್ಮದೂ ಹಾಗೇ ಅಂದುಕೊಂಡು ಹೇಳುತ್ತೇನೆ. ನನ್ನ ಉತ್ತರವೆಲ್ಲ ಆ ಹಗ್ಗದ ಮೇಲೇ ನಿಂತಿದೆ.

ಕಾಲರ್ ಒಳಗೆ ಅಲುಗಾಟ ಅಳೆಯುವ ಚಿಕ್ಕ ಸೆನ್ಸರ್ ಇರುತ್ತದೆ. ಮೊಬೈಲ್ ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದೇ ಜಾತಿಯದು. ಕುತ್ತಿಗೆ ಅಲುಗುವ ರೀತಿ ನೋಡಿ ಹಸು ನಡೆಯುತ್ತಿದೆಯೋ, ಮೇಯುತ್ತಿದೆಯೋ, ಮೆಲುಕು ಹಾಕುತ್ತಿದೆಯೋ ಅಂತ ಲೆಕ್ಕ ಹಾಕುತ್ತದೆ. ಮೊದಲ ಕೆಲವು ದಿನ ಆ ಹಸುವಿನ ರೂಢಿ ಕಲಿಯುತ್ತದೆ. ಆಮೇಲೆ ರೂಢಿ ತಪ್ಪಿದರೆ ಮೆಸೇಜ್ ಬರುತ್ತದೆ. ಏನೋ ಬದಲಾಗಿದೆ ಅನ್ನೋದಷ್ಟೇ ಅದಕ್ಕೆ ಗೊತ್ತು. ಕಾಯಿಲೆಯ ಹೆಸರು ಗೊತ್ತಿಲ್ಲ.

ಬೆದೆಗೆ ಬಂದ ಹಸು ಜಾಸ್ತಿ ಓಡಾಡುತ್ತದೆ, ಬೇರೆ ಹಸುಗಳ ಮೇಲೆ ಹತ್ತುತ್ತದೆ. ಕಾಲರ್ ಮುಖ್ಯವಾಗಿ ಹಿಡಿಯುವುದು ಇದನ್ನೇ. ಮೂರು ಮೊಳದ ಹಗ್ಗದಲ್ಲಿರುವ ಹಸು ಎಲ್ಲಿ ಓಡಾಡಬೇಕು? ಬೆದೆಯ ದಿನ ಮೆಲುಕು ಕಡಿಮೆಯಾಗುವುದನ್ನು ಅದು ಗುರುತಿಸಬಹುದು, ಆದರೆ ಅಷ್ಟರಿಂದಲೇ ಬೆದೆ ಅನ್ನಲಾಗದು. ಬಿಟ್ಟು ಸಾಕುವ ಕೊಟ್ಟಿಗೆಯಲ್ಲಿ ಕೆಲಸ ಮಾಡಿದಷ್ಟು ಚೆನ್ನಾಗಿ ನಿಮ್ಮಲ್ಲಿ ಮಾಡುವುದಿಲ್ಲ. ಮಾರಲು ಬಂದವರು ಇದನ್ನು ಹೇಳಿರಲಾರರು.

ಇನ್ನೊಂದು ತೊಡಕು ನಮ್ಮ ಬಳ್ಳಾರಿ ಬಿಸಿಲು. ಆರೋಗ್ಯವಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಎಚ್‌ಎಫ್ ಹಸು ಮೇವು ಬಿಟ್ಟು ಏದುಸಿರು ಬಿಡುತ್ತದೆ, ಮೆಲುಕೂ ಇಳಿಯುತ್ತದೆ. ಆಗ ಆರೂ ಹಸುವಿನದು ಒಟ್ಟಿಗೇ ಮೆಸೇಜ್ ಬರಬಹುದು. ನಾಲ್ಕು ದಿನ ಹೀಗಾದರೆ ಐದನೇ ದಿನ ನೀವು ಮೊಬೈಲ್ ನೋಡೋದೇ ಬಿಡುತ್ತೀರಿ. ನಿಜವಾಗಿ ಕೆಚ್ಚಲು ಬಾವು ಶುರುವಾಗಿದ್ದ ಹಸುವೂ ಅದೇ ಗುಂಪಿನಲ್ಲಿ ಇದ್ದೀತು.

ಬಿಸಿಲಿನ ಬಾಧೆ ತಿಳಿಯಲು ಯಂತ್ರವೇನೂ ಬೇಡ. ಹಸು ಸುಮ್ನೆ ನಿಂತಿರುವಾಗ ಪಕ್ಕೆ ಎಷ್ಟು ಸಲ ಏರಿಳಿಯುತ್ತದೆ ಅಂತ ಒಂದು ನಿಮಿಷ ಎಣಿಸಿ. 60 ದಾಟಿದರೆ ಬಿಸಿಲು ತಟ್ಟಿದೆ. ಮೈಗೆ ನೀರು ಹಾಕಿ, ಫ್ಯಾನ್ ಹಚ್ಚಿ. ನಮ್ಮದು ಒಣ ಹವೆ, ನೀರು ಬೇಗ ಆರಿ ಮೈ ತಂಪಾಗುತ್ತದೆ. ಮುಂದೆ ಸದಾ ನೀರಿರಲಿ. ಹಾಲು ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 80 ಲೀಟರ್ ದಾಟಿ ಕುಡಿದರೂ ಆಶ್ಚರ್ಯವಿಲ್ಲ.

ಈಗ ಗಬ್ಬ ನಿಲ್ಲದ ಹಸುಗಳ ಮಾತು. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, 12ರಿಂದ 18 ಗಂಟೆ ಇರುತ್ತದೆ. ಬಹಳ ಸಲ ರಾತ್ರಿ ಶುರುವಾಗಿ, ನಾವು ಏಳುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಬೇಸಿಗೆಯಲ್ಲಿ ಲಕ್ಷಣವೂ ಮಂಕಾಗಿರುತ್ತದೆ. ಹಾಗಾಗಿ ನಸುಕಿನಲ್ಲಿ ಮತ್ತು ರಾತ್ರಿ ಮಲಗುವ ಮುಂಚೆ ಇಪ್ಪತ್ತು ನಿಮಿಷ ಹಸುಗಳನ್ನು ಬಯಲಿಗೆ ಬಿಟ್ಟು ನೋಡಿ. ಬೇರೆ ಹಸು ಹತ್ತಿದಾಗ ಅಲುಗದೆ ನಿಲ್ಲುವುದೇ ಬೆದೆಗೆ ಬಂದ ಹಸು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ತಾರೀಖನ್ನು ಕೊಟ್ಟಿಗೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಅದಕ್ಕೂ ಮೊದಲು ಆ ಎರಡು ಹಸುಗಳ ಗರ್ಭಕೋಶ ಪರೀಕ್ಷೆ ಮಾಡಿಸಿ. ಗರ್ಭಕೋಶದಲ್ಲಿ ಸೋಂಕಿದ್ದರೆ ಚಿನ್ನದ ಕಾಲರ್ ಕಟ್ಟಿದರೂ ಗಬ್ಬ ನಿಲ್ಲದು.

ಆರು ಹಸುವಿಗೆ ಕಾಲರ್ ಬೇಡ ಅನ್ನೋದೇ ನನ್ನ ಮಾತು. ಇಪ್ಪತ್ತು ದಾಟಿ, ಬಿಟ್ಟು ಸಾಕುವ ಕೊಟ್ಟಿಗೆ ಕಟ್ಟಿಸಿದ ದಿನ ಮತ್ತೆ ಬರೆಯಿರಿ. ಆಗಲೂ ಕರೆಂಟ್ ಹೋದಾಗ ಮಾಹಿತಿ ಎಲ್ಲಿ ಉಳಿಯುತ್ತದೆ, ಬ್ಯಾಟರಿ ಎಷ್ಟು ವರ್ಷ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಅಂತ ಕೇಳಿಯೇ ದುಡ್ಡು ಕೊಡಿ. ಸದ್ಯಕ್ಕೆ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ತಂಪು ಹೊತ್ತಿನಲ್ಲಿ ನೋಡಿದಾಗ 103 ಫ್ಯಾರನ್‌ಹೀಟ್ ದಾಟಿದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಹಾಲು ಕರೆಯುವ ಮುಂಚೆ ಪ್ರತಿ ಮೊಲೆಯ ಮೊದಲ ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ, ಹೆಪ್ಪು ಕಂಡರೆ ಅದು ಕೆಚ್ಚಲು ಬಾವು.

ಪ್ರಶ್ನೆ: ಕುಷ್ಟಗಿ ಕಡೆಯವನು. ಅಪ್ಪ ನೂರೈವತ್ತು ಕೆಂಗುರಿ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಕಳ್ಳರ ಕಾಟ. ಕಿವಿಗೆ ಹಾಕುವ ಹಳದಿ ಓಲೆಯಿಂದ ಕುರಿ ಎಲ್ಲಿದೆ ಅಂತ ಗೊತ್ತಾಗುತ್ತಾ?

ಉತ್ತರ: ಇಲ್ಲ ತಮ್ಮಾ. ಆ ಓಲೆಯಲ್ಲಿರುವುದು 12 ಅಂಕಿಯ ನಂಬರ್ ಅಷ್ಟೇ, ಬ್ಯಾಟರಿಯೂ ಇಲ್ಲ, ಸಿಗ್ನಲ್ಲೂ ಇಲ್ಲ. ಲಸಿಕೆ ಲೆಕ್ಕಕ್ಕೆ, ವಿಮೆಗೆ ಅದು ಬೇಕು. ಇರುವ ಜಾಗ ತಿಳಿಯಲು ಬೇಕಾದದ್ದು ಜಿಪಿಎಸ್, ಅದೂ ಮೊಬೈಲ್ ನೆಟ್‌ವರ್ಕ್ ಸಿಗುವ ಕಡೆ. ನೂರೈವತ್ತಕ್ಕೂ ಹಾಕಬೇಕಿಲ್ಲ. ಹಿಂಡು ಒಟ್ಟಿಗೇ ಹೋಗುವುದರಿಂದ ಮುಂದಾಳು ಟಗರಿಗೆ ಒಂದು ಹಾಕಿದರೆ ಅಪ್ಪ ಎಲ್ಲಿದ್ದಾರೆ ಅಂತ ಮನೆಯಲ್ಲಿ ಕೂತು ನೋಡಬಹುದು. ರಾತ್ರಿ ಒಂದೆರಡು ಕುರಿ ಎತ್ತಿಕೊಂಡು ಹೋದವನನ್ನು ಮಾತ್ರ ಅದು ಹಿಡಿದುಕೊಡುವುದಿಲ್ಲ, ಅದಕ್ಕೆ ನಾಯಿಯೇ ಸರಿ.

ಕಳ್ಳನಿಗಿಂತ ಜಂತು ಹೆಚ್ಚು ಕುರಿ ತಿನ್ನುತ್ತದೆ ಅನ್ನೋದನ್ನೂ ಅಪ್ಪನಿಗೆ ಹೇಳು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೆಳಗಣ್ಣಿನ ರೆಪ್ಪೆ ಎಳೆದು ನೋಡಲಿ. ಒಳಗೆ ಕೆಂಪಗಿದ್ದರೆ ಸರಿ. ಬಿಳಿಚಿದ್ದರೆ ರಕ್ತ ಹೀರುವ ಜಂತು ಇರಬಹುದು, ಆ ಕುರಿಗೆ ಔಷಧ ಕುಡಿಸಬೇಕು.