ಸೋತ ಸಂಜೆಯ ಮಾತು: ಕ್ರೀಡೆ ಮತ್ತು ದಾಂಪತ್ಯ ಕುರಿತ ಪ್ರಶ್ನೋತ್ತರ

ಆಟದ ಹುಚ್ಚು ಮತ್ತು ಸಂಸಾರ ಒಟ್ಟಿಗೆ ಸಾಗುವ ಬಗೆ ಹೇಗೆ ಎಂಬ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಆಯ್ದ ಆರಕ್ಕೆ, ಐವತ್ತು ವರ್ಷಗಳಿಂದ ಆಟಗಳನ್ನು ಕೇಳುತ್ತ, ನೋಡುತ್ತ ಬಂದಿರುವ, ಮೂವತ್ತು ವರ್ಷ ದಾಟಿದ ದಾಂಪತ್ಯ ಕಂಡಿರುವ ಹಿರಿಯ ಕ್ರೀಡಾಭಿಮಾನಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮಾನ್ಯರೆ, ನಮ್ಮ ಮದುವೆಯಾಗಿ ಹನ್ನೆರಡು ವರ್ಷಗಳಾದವು. ನನ್ನ ಪತಿ ಒಳ್ಳೆಯವರು, ಜವಾಬ್ದಾರಿಯುಳ್ಳವರು. ಆದರೆ ಮೆಚ್ಚಿನ ತಂಡ ಸೋತ ದಿನ ಮನೆಯಲ್ಲಿ ಯಾರೊಂದಿಗೂ ಮಾತನಾಡುವುದಿಲ್ಲ, ಮಕ್ಕಳು ಏನಾದರೂ ಕೇಳಿದರೆ ಸಿಡುಕುತ್ತಾರೆ. ಈ ವಿಷಯ ಎತ್ತಿದರೆ ‘ನಿನಗೆ ಆಟ ಅರ್ಥವಾಗುವುದಿಲ್ಲ’ ಎನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಅದರಲ್ಲಿರುವ ಪತಿಯ ಜಾಗದಲ್ಲಿ ಒಂದು ಕಾಲದಲ್ಲಿ ನಾನೇ ಇದ್ದೆ. 2003ರ ಮಾರ್ಚ್ 23, ಭಾನುವಾರ, ಜೊಹಾನೆಸ್‌ಬರ್ಗ್‌ನಲ್ಲಿ ವಿಶ್ವಕಪ್ ಫೈನಲ್ ನಡೆಯಿತು. ಆಸ್ಟ್ರೇಲಿಯಾ ಎರಡೇ ವಿಕೆಟ್ ಕಳೆದುಕೊಂಡು 359 ರನ್ ಹೊಡೆಯಿತು. ಪಾಂಟಿಂಗ್ ಒಬ್ಬರದೇ ಅಜೇಯ 140. ಭಾರತದ ಸರದಿ ಬಂದಾಗ ಮೊದಲ ಓವರ್‌ನಲ್ಲೇ ತೆಂಡೂಲ್ಕರ್ 4 ರನ್‌ಗೆ ಔಟಾದರು, ಪಂದ್ಯವನ್ನು ನಾವು 125 ರನ್‌ಗಳಿಂದ ಸೋತೆವು. ನಾನು ಟಿವಿ ಆರಿಸಿ, ಕತ್ತಲೆಯ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ನನ್ನ ಹೆಂಡತಿ ಎರಡು ಬಾರಿ ಬಾಗಿಲವರೆಗೆ ಬಂದದ್ದು, ಒಂದು ಕ್ಷಣ ನಿಂತು ಹಿಂದಿರುಗಿದ್ದು ಹೆಜ್ಜೆಯ ಸದ್ದಿನಿಂದ ತಿಳಿಯಿತು; ಆದರೂ ನಾನು ಹೊರಳಲಿಲ್ಲ. ಅಂದು ಮಧ್ಯಾಹ್ನ ಅವಳ ತಂಗಿಗೆ ಹೆಣ್ಣುಮಗು ಹುಟ್ಟಿತ್ತು. ಆ ಸಂಗತಿ ನನಗೆ ತಿಳಿದದ್ದು ಮರುದಿನ ಸಂಜೆ, ಅದೂ ಫೋನಿನಲ್ಲಿ ಬೇರೆಯವರಿಂದ. ಇಪ್ಪತ್ತು ವರ್ಷಗಳ ಮೇಲಾಯಿತು, ಆ ಫೈನಲ್ ಸೋತ ನೋವು ಎಂದೋ ಮಾಸಿಹೋಗಿದೆ. ಬಾಗಿಲಲ್ಲಿ ನಿಂತು ಹಿಂದಿರುಗಿದ ಆ ಹೆಜ್ಜೆಗಳು ಮಾತ್ರ ಇಂದಿಗೂ ನನ್ನನ್ನು ಕಾಡುತ್ತವೆ.

ಅಂದಿನಿಂದ ನಾನು ಕಂಡುಕೊಂಡ ಸಂಗತಿ ಇದು: ಪಂದ್ಯ ನಡೆಯುವ ಏಳೆಂಟು ಗಂಟೆಗಳಿಗಿಂತ ಪಂದ್ಯ ಮುಗಿದ ಮೇಲಿನ ಒಂದು ಗಂಟೆಯೇ ಸಂಸಾರಕ್ಕೆ ಹೆಚ್ಚು ಪೆಟ್ಟು ಕೊಡುತ್ತದೆ. ಆಟ ನೋಡುವಷ್ಟು ಹೊತ್ತು ಸಂಗಾತಿಗೆ ತನ್ನ ಪಾಡಿಗೆ ತನ್ನ ಕೆಲಸವಿರುತ್ತದೆ, ಅದರಲ್ಲಿ ಅಂಥ ದೂರೇನೂ ಇರುವುದಿಲ್ಲ. ಆಟ ಮುಗಿದು ಮನುಷ್ಯ ಮನೆಗೆ ಮರಳಬೇಕಾದ ಹೊತ್ತಿನಲ್ಲಿ, ಮನೆಯೊಳಗೇ ಕುಳಿತು ಮರಳದೆ ಹೋದರೆ ಅದೇ ದೊಡ್ಡ ಗಾಯ. ಆದ್ದರಿಂದ ಪಂದ್ಯಗಳ ಬಗ್ಗೆ ವಾದಕ್ಕಿಳಿಯಬೇಡಿ. ಆ ಒಂದು ಗಂಟೆಯ ಬಗ್ಗೆ ಮಾತ್ರ ಮಾತನಾಡಿ, ಅದೂ ಪಂದ್ಯವಿಲ್ಲದ ದಿನ. ‘ನೀವು ಸೋಲಿನಿಂದ ನೊಂದುಕೊಳ್ಳುವುದು ತಪ್ಪಲ್ಲ, ಆದರೆ ಆ ನೋವನ್ನು ನನ್ನೊಂದಿಗೆ ಹೇಳಿಕೊಳ್ಳಿ, ಮಕ್ಕಳ ಮೇಲೆ ತೀರಿಸಿಕೊಳ್ಳಬೇಡಿ’ ಎಂದು ನೇರವಾಗಿ ಹೇಳಿ. 2019ರ ಜುಲೈ 10ರಂದು ಮ್ಯಾಂಚೆಸ್ಟರ್‌ನ ಸೆಮಿಫೈನಲ್‌ನಲ್ಲಿ, 50 ರನ್ ಗಳಿಸಿದ್ದ ಧೋನಿ ಗಪ್ಟಿಲ್ ಅವರ ನೇರ ಎಸೆತಕ್ಕೆ ರನೌಟ್ ಆಗಿ, ಭಾರತ ನ್ಯೂಜಿಲೆಂಡ್ ಎದುರು 18 ರನ್‌ಗಳಿಂದ ಸೋತಾಗ, ನಾನು ಚಪ್ಪಲಿ ಮೆಟ್ಟಿಕೊಂಡು ಹೆಂಡತಿಯನ್ನು ಕರೆದು ಅರ್ಧ ಗಂಟೆ ನಡೆದೆ. ಮೊದಲ ಹತ್ತು ನಿಮಿಷ ಕ್ರೀಸ್ ಮುಟ್ಟಲು ಎಷ್ಟು ಕಡಿಮೆ ದೂರ ಉಳಿದಿತ್ತು ಎಂದೇ ಹೇಳುತ್ತಿದ್ದೆ, ಅವಳು ಕೇಳಿಸಿಕೊಂಡಳು; ಆಮೇಲೆ ಅವಳ ದಿನ ಹೇಗಿತ್ತೆಂದು ಅವಳು ಹೇಳಿದಳು. ನಿಮ್ಮ ಪತಿಗೆ ಈ ಪತ್ರದ ಉತ್ತರವನ್ನು ಓದಲು ಕೊಟ್ಟರೂ ನನ್ನ ಅಭ್ಯಂತರವಿಲ್ಲ. ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ: ಸಿಡುಕು ಬೈಗುಳಕ್ಕೆ, ಕೈ ಎತ್ತುವುದಕ್ಕೆ ತಿರುಗಿದರೆ ಅದಕ್ಕೂ ಕ್ರೀಡೆಗೂ ಯಾವ ಸಂಬಂಧವೂ ಇಲ್ಲ. ಆಗ ಸಹಿಸಿಕೊಳ್ಳದೆ ಹತ್ತಿರದವರ ಮತ್ತು ಕಾನೂನಿನ ನೆರವು ಪಡೆಯಿರಿ.

ಪ್ರಶ್ನೆ: ಮದುವೆಯಾಗಿ ಐದು ತಿಂಗಳಾಗಿದೆ. ಕ್ರಿಕೆಟ್ ನೋಡುವುದು ಕಾಲಹರಣ ಎಂಬುದು ನನ್ನ ಪತ್ನಿಯ ಅಭಿಪ್ರಾಯ. ಸಂಸಾರದ ಶಾಂತಿಗಾಗಿ ನಾನು ಆಟ ನೋಡುವುದನ್ನೇ ಬಿಟ್ಟುಬಿಡಬೇಕೆ?

ಉತ್ತರ: ಬಿಡಬೇಡಿ. ಪ್ರೀತಿಸಿದ್ದನ್ನು ಬಲವಂತವಾಗಿ ಬಿಟ್ಟವನು ಕೆಲವು ವರ್ಷಗಳ ನಂತರ ಆ ತ್ಯಾಗದ ಲೆಕ್ಕವನ್ನು ಸಂಗಾತಿಯ ಮುಂದೆ ಹಿಡಿಯುತ್ತಾನೆ, ಅದು ಇನ್ನೂ ಕೆಟ್ಟದ್ದು. ಆದರೆ ನಿಮ್ಮ ಪತ್ನಿಯ ಮಾತನ್ನು ತಳ್ಳಿಹಾಕುವ ಮೊದಲು ಒಂದು ಲೆಕ್ಕ ಹಾಕಿ ನೋಡಿ. ಐಪಿಎಲ್‌ನ ಇತ್ತೀಚಿನ ಒಂದು ಋತುವಿನಲ್ಲಿ 74 ಪಂದ್ಯಗಳು ನಡೆದಿವೆ. ಒಂದಕ್ಕೆ ಮೂರೂವರೆ ಗಂಟೆ ಹಿಡಿದರೆ ಎಲ್ಲವನ್ನೂ ನೋಡಲು 259 ಗಂಟೆಗಳು ಬೇಕು, ಅಂದರೆ ದಿನಕ್ಕೆ ಎಂಟು ಗಂಟೆ ದುಡಿಯುವವನ ಮೂವತ್ತೆರಡು ದಿನಗಳ ದುಡಿಮೆಯಷ್ಟು ಹೊತ್ತು. ಸುಮಾರು ಎರಡು ತಿಂಗಳ ಸಂಜೆಗಳು ಹೀಗೆ ಕಳೆದರೆ ಹೊಸದಾಗಿ ಬಂದ ಹೆಂಡತಿಗೆ ತಾನು ಯಾರೊಂದಿಗೆ ಸಂಸಾರ ಮಾಡುತ್ತಿದ್ದೇನೆ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ನಿಜವಾದ ಅಭಿಮಾನಿಗೆ ಎಲ್ಲ ಪಂದ್ಯಗಳೂ ಒಂದೇ ಅಲ್ಲ. ಋತು ಆರಂಭವಾಗುವ ಮೊದಲೇ ವೇಳಾಪಟ್ಟಿ ಹಿಡಿದು ಇಬ್ಬರೂ ಕುಳಿತುಕೊಳ್ಳಿ, ನೀವು ಬಿಡಲಾರದ ಹದಿನೈದು ಪಂದ್ಯಗಳಿಗೆ ಗುರುತು ಹಾಕಿ, ಉಳಿದ ಸಂಜೆಗಳು ಅವರಿಗೂ ಸೇರಿದವು ಎಂದು ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೇಲೆ ಹದಿನಾರನೆಯ ಪಂದ್ಯವನ್ನು ಮೊಬೈಲಿನಲ್ಲಿ ಕದ್ದು ನೋಡಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕ್ರೀಡಾಭಿಮಾನಿ ನಾನು, ನನ್ನ ಪತಿಯಲ್ಲ. ಅವರು ಸಿನಿಮಾ ನೋಡುವಾಗ ನಾನು ಅಡ್ಡಿ ಮಾಡುವುದಿಲ್ಲ, ಆದರೆ ನಾನು ಪಂದ್ಯ ನೋಡಲು ಕುಳಿತರೆ ಮಾತ್ರ ಅವರಿಗೆ ಹತ್ತು ಕೆಲಸಗಳು ನೆನಪಾಗುತ್ತವೆ. ಇದು ಸರಿಯೆ?

ಉತ್ತರ: ಸರಿಯಲ್ಲ, ಮತ್ತು ಇದನ್ನು ನಯವಾಗಿ ಸುತ್ತಿ ಹೇಳಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದಾಗ ನಡುರಾತ್ರಿಯಾಗಿತ್ತು. ಶೆಫಾಲಿ ವರ್ಮಾ ಅವರ 87 ರನ್‌ಗಳನ್ನೂ ದೀಪ್ತಿ ಶರ್ಮಾ ಅವರ ಐದು ವಿಕೆಟ್‌ಗಳನ್ನೂ ಆ ರಾತ್ರಿ ಎಷ್ಟು ಮಂದಿ ಹೆಣ್ಣುಮಕ್ಕಳು ಎದ್ದೆದ್ದು ಹೋಗದೆ, ಯಾರ ಕರೆಗೂ ಓಗೊಡದೆ ನೆಮ್ಮದಿಯಿಂದ ನೋಡಿರಬಹುದು ಎಂದು ನಾನು ಯೋಚಿಸಿದ್ದುಂಟು. ಗಂಡನ ಆಸಕ್ತಿಗೆ ಹವ್ಯಾಸ ಎಂದೂ ಹೆಂಡತಿಯ ಆಸಕ್ತಿಗೆ ಬಿಡುವು ಎಂದೂ ಹೆಸರಿಟ್ಟರೆ, ಬಿಡುವನ್ನು ಯಾರು ಬೇಕಾದರೂ ಮುರಿಯಬಹುದು ಎಂಬಂತಾಗುತ್ತದೆ. ಮುಂದಿನ ಪಂದ್ಯದ ಹಿಂದಿನ ದಿನವೇ ತಿಳಿಸಿ: ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಮನೆಯ ಹೊಣೆ ನಿಮ್ಮದು. ಕೇಳಿಕೊಳ್ಳುವ ದನಿ ಬೇಡ, ತಿಳಿಸುವ ದನಿಯೇ ಇರಲಿ.

ಪ್ರಶ್ನೆ: ಕ್ರೀಡಾಲೋಕದಲ್ಲಿ ತಾವು ಅತ್ಯಂತ ಮೆಚ್ಚುವ ದಂಪತಿ ಯಾರು?

ಉತ್ತರ: ಯೋಚಿಸದೆ ಹೇಳಬಲ್ಲೆ: ಚೆಕೊಸ್ಲೊವಾಕಿಯಾದ ಎಮಿಲ್ ಝಾಟೋಪೆಕ್ ಮತ್ತು ದಾನಾ ಝಾಟೋಪ್ಕೋವಾ. ಇಬ್ಬರೂ ಹುಟ್ಟಿದ್ದು ಒಂದೇ ದಿನ, 1922ರ ಸೆಪ್ಟೆಂಬರ್ 19ರಂದು, ಮದುವೆಯಾದದ್ದು 1948ರಲ್ಲಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಲೈ 24ರಂದು ಎಮಿಲ್ 5,000 ಮೀಟರ್ ಓಟ ಗೆದ್ದರು. ಜಾವೆಲಿನ್ ಎಸೆಯಲು ಮೈದಾನಕ್ಕೆ ಇಳಿಯಲಿದ್ದ ದಾನಾ, ಗಂಡನ ಚಿನ್ನದ ಪದಕವನ್ನು ಶುಭವಾಗಲೆಂದು ತಾವೇ ಇಸಿದುಕೊಂಡು ಚೀಲದಲ್ಲಿಟ್ಟುಕೊಂಡು ಹೋಗಿ, 50.47 ಮೀಟರ್ ಎಸೆದು ತಾವೂ ಚಿನ್ನ ಗೆದ್ದರು. ಗಂಡ ಹೆಂಡತಿಯ ಚಿನ್ನಗಳ ನಡುವೆ ಇದ್ದ ಅಂತರ ಒಂದು ಗಂಟೆಯ ಆಸುಪಾಸು ಮಾತ್ರ. ಅದಕ್ಕೂ ಮುಂಚೆ 10,000 ಮೀಟರ್ ಗೆದ್ದಿದ್ದ ಎಮಿಲ್, ಮೂರು ದಿನಗಳ ನಂತರ ಜೀವನದಲ್ಲಿ ಮೊದಲ ಬಾರಿಗೆ ಮ್ಯಾರಥಾನ್ ಓಡಿ ಅದನ್ನೂ ಗೆದ್ದರು.

ಆದರೆ ನಾನು ಅವರನ್ನು ಮೆಚ್ಚುವುದು ಆ ಒಂದು ದಿನಕ್ಕಾಗಿ ಅಲ್ಲ. 1968ರಲ್ಲಿ ತಮ್ಮ ದೇಶದೊಳಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ಎಮಿಲ್ ಸುಧಾರಣೆಯ ಪರ ನಿಂತರು. ಅದಕ್ಕಾಗಿ ಸೇನೆಯಲ್ಲಿದ್ದ ಸ್ಥಾನ ಕಳೆದುಕೊಂಡು, ವರ್ಷಗಟ್ಟಲೆ ಮನೆಯಿಂದ ದೂರ ಮೈಮುರಿಯುವ ಕೆಲಸ ಮಾಡಬೇಕಾಯಿತು. ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು ಹಾಗೆ ಬದುಕಬೇಕಾಗಿ ಬಂದ ಕಾಲದಲ್ಲೂ ಆ ಮನೆ ಮುರಿಯಲಿಲ್ಲ. 2000ದಲ್ಲಿ ಎಮಿಲ್ ತೀರಿಕೊಳ್ಳುವವರೆಗೆ ಐವತ್ತೆರಡು ವರ್ಷ ಅವರು ಜೊತೆಗಿದ್ದರು.

ಪದಕ ಹಂಚಿಕೊಂಡರೆ ಸಾಕು ಎಂದು ಯಾರೂ ಭಾವಿಸದಿರಲಿ ಎಂದು ಇನ್ನೊಂದು ಜೋಡಿಯನ್ನು ನೆನೆಯುತ್ತೇನೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಹೆರಾಲ್ಡ್ ಕೊನೊಲಿ ಹ್ಯಾಮರ್ ಎಸೆತದಲ್ಲೂ ಚೆಕೊಸ್ಲೊವಾಕಿಯಾದ ಓಲ್ಗಾ ಫಿಕೊಟೋವಾ ಡಿಸ್ಕಸ್ ಎಸೆತದಲ್ಲೂ ಚಿನ್ನ ಗೆದ್ದರು. ಶೀತಲ ಸಮರದ ಎರಡು ಬಣಗಳಿಗೆ ಸೇರಿದ ಅವರು ಅನುಮತಿಗಾಗಿ ಹೋರಾಡಿ 1957ರಲ್ಲಿ ಪ್ರಾಗ್‌ನಲ್ಲಿ ಮದುವೆಯಾದಾಗ ಅವರ ಪಕ್ಕದಲ್ಲಿ ನಿಂತವರಲ್ಲಿ ಎಮಿಲ್ ಕೂಡ ಒಬ್ಬರು. ಇಡೀ ಜಗತ್ತು ಕೊಂಡಾಡಿದ ಆ ದಾಂಪತ್ಯ ಮುಂದೆ ವಿಚ್ಛೇದನದಲ್ಲಿ ಕೊನೆಗೊಂಡಿತು. ನನಗೆ ಅವರ ಮೇಲಿನ ಗೌರವ ಅದರಿಂದ ಕಡಿಮೆಯಾಗಿಲ್ಲ. ಆದರೂ ಗಡಿಯನ್ನು ದಾಟಿಸಿದ ಪ್ರೀತಿಗೆ ದಿನದಿನದ ಬದುಕನ್ನು ದಾಟಿಸುವುದು ಅದಕ್ಕಿಂತ ಕಷ್ಟವಾಗಬಹುದು ಎಂದು ಅನಿಸುತ್ತದೆ.

ಪ್ರಶ್ನೆ: ನಾವಿಬ್ಬರೂ ಟೆನಿಸ್ ಪ್ರಿಯರು, ಆದರೆ ನನ್ನ ಮೆಚ್ಚಿನ ಆಟಗಾರನನ್ನು ಕಂಡರೆ ನನ್ನ ಪತ್ನಿಗೆ ಆಗುವುದಿಲ್ಲ. ಫೈನಲ್ ದಿನ ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ನೋಡುತ್ತೇವೆ. ಇದು ಅತಿಯಾಯಿತೆ?

ಉತ್ತರ: ಅತಿಯಾಯಿತು. 2008ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ ಮತ್ತು ನಡಾಲ್ 4 ಗಂಟೆ 48 ನಿಮಿಷ ಆಡಿದರು, ಐದನೆಯ ಸೆಟ್ 9-7ಕ್ಕೆ ಮುಗಿಯುವಾಗ ಕತ್ತಲಾಗುತ್ತಿತ್ತು. ಅಷ್ಟೆಲ್ಲ ಆದ ಮೇಲೂ ಅವರಿಬ್ಬರು ನೆಟ್ ಬಳಿ ಬಂದು ಕೈಕುಲುಕಿದರು. ಸೋತವರಿಗೇ ಅದು ಸಾಧ್ಯವಾದರೆ ನೋಡಿದವರಿಗೆ ಸಾಧ್ಯವಾಗದೆ? ಒಂದೇ ಕೋಣೆಯಲ್ಲಿ ಕುಳಿತುಕೊಳ್ಳಿ.

ಪ್ರಶ್ನೆ: ನನಗೆ ಅರವತ್ತೊಂದು ವರ್ಷ. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಿದ್ದಾರೆ. ನಿವೃತ್ತರಾದ ನನ್ನ ಯಜಮಾನರು ದಿನವಿಡೀ ಟೆಸ್ಟ್ ಪಂದ್ಯ ನೋಡುತ್ತಾರೆ. ಈ ವಯಸ್ಸಿನಲ್ಲಿ ನಾನು ಕ್ರಿಕೆಟ್ ಕಲಿಯಬಹುದೆ, ಅಥವಾ ಅವರನ್ನು ಅವರ ಪಾಡಿಗೆ ಬಿಡುವುದೇ ಒಳ್ಳೆಯದೆ?

ಉತ್ತರ: ಅಮ್ಮಾ, ನಿಮಗಿಷ್ಟವಿದ್ದರೆ ಖಂಡಿತ ಕಲಿಯಬಹುದು, ಆದರೆ ನಿಯಮಗಳಿಂದ ಆರಂಭಿಸಬೇಡಿ. ಎಲ್‌ಬಿಡಬ್ಲ್ಯು ಎಂದರೇನು ಎಂದು ಮೊದಲ ದಿನವೇ ಕೇಳಿದರೆ ನಿಮಗೆ ಬೇಸರ ಬರುತ್ತದೆ, ಅವರಿಗೆ ಪಾಠ ಹೇಳುವ ಹುಮ್ಮಸ್ಸು ಬರುತ್ತದೆ. ಒಬ್ಬ ಆಟಗಾರನನ್ನು ಆರಿಸಿಕೊಂಡು ಅವನನ್ನೇ ಗಮನಿಸಿ.

2001ರ ಮಾರ್ಚ್ 14ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಲಕ್ಷ್ಮಣ್ ಮತ್ತು ದ್ರಾವಿಡ್ ಒಂದು ವಿಕೆಟ್ಟನ್ನೂ ಬೀಳಗೊಡದೆ ಇಡೀ ದಿನ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ 274 ರನ್ ಹಿಂದೆ ಬಿದ್ದು ಫಾಲೋಆನ್ ಆಗಿದ್ದ, ಅಂದರೆ ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾಗಿ ಬಂದಿದ್ದ ತಂಡಕ್ಕೆ ಅವರು ಕಟ್ಟಿದ ಜೊತೆಯಾಟ 376 ರನ್‌ಗಳದು. ಲಕ್ಷ್ಮಣ್ 281, ದ್ರಾವಿಡ್ 180. ಮರುದಿನ ಭಾರತ 171 ರನ್‌ಗಳಿಂದ ಗೆದ್ದಿತು. ಕ್ರಿಕೆಟ್ ಎಂದರೆ ದೂರವೇ ಇರುತ್ತಿದ್ದ ನನ್ನ ಹೆಂಡತಿ ಅಂದು ಹೊಲಿಗೆ ಹಿಡಿದು ಅದೇ ಕೋಣೆಯಲ್ಲಿ ಕುಳಿತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸೂಜಿ ನಿಲ್ಲಿಸಿ, ‘ಪ್ರತಿ ಓವರ್ ಮುಗಿದಾಗಲೂ ಅವರಿಬ್ಬರೂ ನಡುವೆ ಬಂದು ಏನು ಮಾತಾಡುತ್ತಾರೆ?’ ಎಂದು ಕೇಳಿದಳು. ಅಷ್ಟು ವರ್ಷ ಆಟ ನೋಡಿದ ನಾನು ಚೆಂಡನ್ನು ಮಾತ್ರ ನೋಡಿದ್ದೆ, ಆ ನಡಿಗೆಯನ್ನು ಗಮನಿಸಿರಲಿಲ್ಲ. ದ್ರಾವಿಡ್ ಎಂದಿನ ಮೂರನೆಯ ಸ್ಥಾನವನ್ನು ಲಕ್ಷ್ಮಣ್‌ಗೆ ಬಿಟ್ಟುಕೊಟ್ಟು ಆರನೆಯವರಾಗಿ ಬಂದಿದ್ದರು ಎಂದು ನಾನು ಹೇಳಿದಾಗ ಅವಳು, ‘ಹಾಗಾದರೆ ನಾನು ಅವರನ್ನೇ ನೋಡುತ್ತೇನೆ’ ಎಂದಳು. ಅಂದು ಸಂಜೆಯವರೆಗೂ ನಾನು ಬ್ಯಾಟ್ ಹಿಡಿದವರನ್ನು ನೋಡಿದೆ, ಅವಳು ಎದುರು ತುದಿಯಲ್ಲಿ ನಿಂತ ನಾನ್‌ಸ್ಟ್ರೈಕರ್‌ನನ್ನು ನೋಡಿದಳು, ಕರೆ ಕೊಟ್ಟವರು ಯಾರು, ಕೈಯೆತ್ತಿ ಬೇಡವೆಂದವರು ಯಾರು ಎಂದು ನನಗೆ ಹೇಳುತ್ತ ಹೋದಳು.

ನಿಮ್ಮ ಯಜಮಾನರು ಮುಂದಿನ ಟೆಸ್ಟ್ ನೋಡಲು ಕುಳಿತಾಗ ನೀವು ಒಂದು ಗಂಟೆ ಮಾತ್ರ ಪಕ್ಕದಲ್ಲಿ ಕುಳಿತು, ಚೆಂಡಿನಿಂದ ದೂರ ಇರುವ ಒಬ್ಬನನ್ನು ಆರಿಸಿಕೊಂಡು ನೋಡಿ, ನಿಮಗೆ ಕಂಡದ್ದನ್ನು ಅವರಿಗೆ ಹೇಳಿ. ಬೇಸರವಾದರೆ ಎದ್ದು ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆ ಗಂಟೆಯಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದೇನು ಎಂಬುದನ್ನು ಸಾಧ್ಯವಾದರೆ ನನಗೂ ಬರೆದು ತಿಳಿಸಿ.