ಓನರ್ ಅಮ್ಮನ ಫ್ರಿಜ್ ಕೆಟ್ಟಿದೆ, ಹೇಗೆ ಹೇಳಲಿ?

ಪ್ರಶ್ನೆ: ನಾವು ಹಾವೇರಿ ಕಡೆಯವರು. ಒಂದೂವರೆ ವರ್ಷದಿಂದ ಕಾರವಾರದ ಕಾಜುಬಾಗದಲ್ಲಿ ಮಹಡಿ ಮನೆಯೊಂದರಲ್ಲಿ ಬಾಡಿಗೆಗಿದ್ದೇವೆ. ನಮ್ಮ ಮನೆಯವರು ನೌಕಾನೆಲೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ಸೂಪರ್‌ವೈಸರ್. ಮಗನಿಗೆ ಮೂರು ವರ್ಷ. ಕೆಳಗೆ ಓನರ್ ಅಮ್ಮ ಒಬ್ಬರೇ ಇದ್ದಾರೆ. ಅಗ್ರಿಮೆಂಟ್ ಮಾಡಿಸಿದ್ದು ಮಡಗಾಂವ್‌ನಲ್ಲಿರುವ ಅವರ ಮಗ. ಫ್ರಿಜ್, ಮಿಕ್ಸಿ, ಗ್ಯಾಸ್ ಒಲೆ ಎಲ್ಲ ಇದೆ ಅಂತ ಬಾಡಿಗೆ ಒಂದು ಸಾವಿರ ಜಾಸ್ತಿ, ತಿಂಗಳಿಗೆ 9,000.

ಮಿಕ್ಸಿಯ ಕಪ್ಲರ್ ಹೋಯಿತು, ಹಾಕಿಸಿದೆ. ಒಲೆಯ ಬರ್ನರ್ ಹೋಯಿತು, ಹಾಕಿಸಿದೆ. ಯಾರಿಗೂ ಹೇಳಲಿಲ್ಲ. ಮಳೆ ಶುರುವಾದ ಮೇಲೆ ಮಿಕ್ಸಿ ಮುಟ್ಟಿದರೆ ಕೈ ಝುಂ ಅನ್ನುತ್ತದೆ. ಜೂನ್‌ನಲ್ಲಿ ಫ್ರಿಜ್ ತಂಪಾಗುವುದನ್ನೇ ನಿಲ್ಲಿಸಿತು. ಹನ್ನೆರಡು ವರ್ಷ ಹಳೆಯದು. ಮೆಕ್ಯಾನಿಕ್ ನೋಡಿ, ಗ್ಯಾಸ್ ಲೀಕ್ ಆಗಿದೆ, ನಾಲ್ಕು ಸಾವಿರ ಆಗುತ್ತದೆ ಅಂದರು. ನಮ್ಮವರು ಅದನ್ನು ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳೋಣ ಅಂತಾರೆ.

ಆದರೆ ಏಪ್ರಿಲ್‌ನಲ್ಲಿ ಫ್ರೀಜರ್ ತುಂಬಾ ಐಸ್ ಕಟ್ಟಿ ಟ್ರೇ ಹಿಡಿದುಕೊಂಡಾಗ ನಾನು ಚಾಕು ಹಾಕಿ ಮೀಟಿದ್ದೆ. ಇದು ನಮ್ಮವರಿಗೂ ಗೊತ್ತಿಲ್ಲ. ಅಮ್ಮ ನನ್ನನ್ನು ಮಗಳ ಹಾಗೆ ನೋಡಿಕೊಂಡಿದ್ದಾರೆ. ಮಗನಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಜೊತೆಗೆ ಕೂತಿದ್ದರು. ಈಗ ಮೆಟ್ಟಿಲ ಹತ್ತಿರ ಸಿಕ್ಕರೂ ಮುಖ ತಪ್ಪಿಸಿ ಓಡಾಡುತ್ತಿದ್ದೇನೆ. ಏನು ಮಾಡಲಿ?

– ಹೆಸರು ಬೇಡ, ಕಾರವಾರ

ಉತ್ತರ: ಮೊದಲು ಆ ಚಾಕುವಿನ ವಿಷಯವನ್ನೇ ಮಾತಾಡೋಣ. ನಿಮ್ಮ ಪತ್ರದಲ್ಲಿ ಅದು ಕೊನೆಗೆ ಬಂದಿದೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಂತ ನನಗನ್ನಿಸುತ್ತದೆ, ನಾಲ್ಕು ಸಾವಿರ ಅಲ್ಲ.

ಒಂಟಿ ಬಾಗಿಲಿನ ಫ್ರಿಜ್‌ಗಳಲ್ಲಿ ಫ್ರೀಜರ್ ಪೆಟ್ಟಿಗೆಯ ಗೋಡೆಯಲ್ಲೇ ಗ್ಯಾಸ್ ಓಡಾಡುವ ದಾರಿ ಇರುತ್ತದೆ. ಗೋಡೆ ತೆಳು ಅಲ್ಯೂಮಿನಿಯಂ. ಐಸ್ ಕೀಳಲು ಹೋಗಿ ಅಲ್ಲಿ ತೂತು ಮಾಡಿಕೊಂಡವರು ನೀವೊಬ್ಬರೇ ಅಲ್ಲ, ಫ್ರಿಜ್ ರಿಪೇರಿ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ತೂತು ಬಿದ್ದರೆ ಸಾಮಾನ್ಯವಾಗಿ ಆ ಕ್ಷಣವೇ ಸ್‌ಸ್ ಅಂತ ಸದ್ದು ಬರುತ್ತದೆ. ಒಂದೆರಡು ದಿನದಲ್ಲೇ ತಂಪು ಹೋಗುತ್ತದೆ. ನಿಮ್ಮ ಫ್ರಿಜ್ ಅದಾದ ಮೇಲೂ ಎರಡು ತಿಂಗಳು ನಡೆದಿದೆ ಅಲ್ವಾ? ಸಣ್ಣ ಗೀರು ಬಿದ್ದು ನಿಧಾನವಾಗಿ ಸೋರುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ತಪ್ಪು ನಿಮ್ಮದೇ ಅಂತ ನೀವೇ ತೀರ್ಪು ಕೊಟ್ಟುಕೊಂಡು ಕೂರುವಷ್ಟು ಸಾಕ್ಷಿ ಇಲ್ಲಿ ಇಲ್ಲ.

ಇನ್ನೊಂದು ಕಡೆ ನೋಡಿ. ಫ್ರಿಜ್‌ನ ಹಿಂದೆ, ಕೆಳಗೆ ಕಂಪ್ರೆಸರ್ ಹತ್ತಿರ ಕಬ್ಬಿಣದ ಪೈಪುಗಳೂ ಇರುತ್ತವೆ. ಐಸ್ ಕರಗಿದ ನೀರು ಬೀಳುವ ತಟ್ಟೆಯೂ ಅಲ್ಲೇ. ಕಾರವಾರದ ಉಪ್ಪುಗಾಳಿಗೆ ಕಿಟಕಿ ಸರಳು, ಗೇಟಿನ ಕೀಲು ಏನಾಗುತ್ತವೆ ಅಂತ ಒಂದೂವರೆ ವರ್ಷದಲ್ಲಿ ನೀವೇ ನೋಡಿದ್ದೀರಿ. ಹನ್ನೆರಡು ವರ್ಷ ಆ ಗಾಳಿ ತಿಂದ ಪೈಪು ಮಳೆಗಾಲದಲ್ಲಿ ತೂತಾದರೆ ಅದು ಯಾರ ತಪ್ಪೂ ಅಲ್ಲ.

ಹಾಗಾಗಿ ಮೆಕ್ಯಾನಿಕ್‌ಗೆ ಇನ್ನೊಮ್ಮೆ ಫೋನ್ ಮಾಡಿ, ಒಂದೇ ಒಂದು ಪ್ರಶ್ನೆ ಕೇಳಿ: ಲೀಕ್ ಎಲ್ಲಿದೆ? ಫ್ರಿಜ್‌ನ ಗ್ಯಾಸ್ ಒಲೆಯ ಗ್ಯಾಸಿನಂತೆ ಉರಿದು ಖರ್ಚಾಗುವಂಥದ್ದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಆ ಜಾಗ ಹುಡುಕಿ ಮುಚ್ಚದೆ ಸುಮ್ನೆ ಗ್ಯಾಸ್ ತುಂಬಿಸಿದರೆ ನಾಲ್ಕು ಸಾವಿರವೂ ಅದೇ ತೂತಿನಲ್ಲಿ ಹೋಗುತ್ತದೆ. ಪೈಪಿನೊಳಗೆ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಎಷ್ಟೋ ಸಲ ಲೀಕ್ ಇರುವ ಕಡೆ ಎಣ್ಣೆಯ ಜಿಡ್ಡೂ ಇರುತ್ತದೆ, ಗ್ಯಾಸಿನ ಜೊತೆ ಕಂಪ್ರೆಸರ್‌ನ ಎಣ್ಣೆ ಸ್ವಲ್ಪ ಹೊರಗೆ ಬರುವುದರಿಂದ. ಅವರು ತೋರಿಸಲಿ, ನೀವು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಹೇಳುವ ವಿಷಯ. ಲೀಕ್ ಎಲ್ಲೇ ಇರಲಿ, ಚಾಕು ಹಾಕಿದ್ದನ್ನು ನೀವು ಹೇಳಬೇಕು. ಅಮ್ಮನಿಗಿಂತ ಮೊದಲು ನಿಮ್ಮ ಮನೆಯವರಿಗೆ. ಇವತ್ತು ರಾತ್ರಿ, ಮಗ ಮಲಗಿದ ಮೇಲೆ. ಬೈಸಿಕೊಳ್ಳಬೇಕಾಗುತ್ತದೆ ಅಂತ ನಿಮಗೆ ಹೆದರಿಕೆ ಇರಬಹುದು. ಆದರೆ ಯೋಚನೆ ಮಾಡಿ. ತಪ್ಪೆಲ್ಲ ಓನರದ್ದು ಅಂದುಕೊಂಡು ಅವರು ನಿಮ್ಮ ಪರವಾಗಿ ಜಗಳಕ್ಕೆ ತಯಾರಾಗಿದ್ದಾರೆ. ನಾಳೆ ಅವರು ಅಮ್ಮನ ಮಗನಿಗೆ ಫೋನ್ ಮಾಡಿ ಗಟ್ಟಿಯಾಗಿ ಮಾತಾಡಿ, ನಾಡಿದ್ದು ಮೆಕ್ಯಾನಿಕ್ ಬಂದು ಚಾಕು ತಾಗಿದ ಗುರುತು ತೋರಿಸಿದರೆ ಅವರ ಮುಖ ಎಲ್ಲಿಟ್ಟುಕೊಳ್ಳಬೇಕು? ಈಗ ಹೇಳಿದರೆ ಅರ್ಧ ಗಂಟೆಯ ಸಿಟ್ಟು. ಆಮೇಲೆ ಗೊತ್ತಾದರೆ, ನನ್ನನ್ನೂ ನಂಬಲಿಲ್ಲವಲ್ಲ ಅನ್ನುವ ನೋವು ಬಹಳ ದಿನ ಉಳಿಯುತ್ತದೆ.

ಅವರಿಗೆ ಇನ್ನೊಂದು ಮಾತನ್ನೂ ಹೇಳಿ: ಕೇಳದೆ ಬಾಡಿಗೆ ಮುರಿದುಕೊಳ್ಳುವುದು ಬೇಡ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು ಅಂತ ಇದೆ. ಆದರೆ ಮೊದಲು ತಿಳಿಸಬೇಕು, ಸಾಕಷ್ಟು ಸಮಯವನ್ನೂ ಕೊಡಬೇಕು. ಅದೂ ಮನೆಗೆ ಸಂಬಂಧಪಟ್ಟ ಮಾತು. ಫ್ರಿಜ್‌ನಂಥ ಸಾಮಾನಿಗೆ ನಿಮ್ಮ ಅಗ್ರಿಮೆಂಟಿನಲ್ಲಿ ಏನು ಬರೆದಿದೆ ಅನ್ನುವುದೇ ಮುಖ್ಯ, ಒಮ್ಮೆ ತೆಗೆದು ಓದಿ. ಕಾನೂನು ಪಕ್ಕಕ್ಕಿಟ್ಟರೂ, ಒಂಟಿಯಾಗಿರುವ ಆ ಅಮ್ಮ ಬಾಡಿಗೆ ದುಡ್ಡಿನಲ್ಲೇ ತಿಂಗಳು ದೂಡುತ್ತಿರಬಹುದು. 9,000 ಬರಬೇಕಾದ ಕಡೆ 5,000 ಬಂದರೆ ಅವರಿಗೆ ಮೊದಲು ಹೊಳೆಯುವುದು ಫ್ರಿಜ್ ಅಲ್ಲ, ಇವರು ನನಗೆ ಯಾಕೆ ಹೀಗೆ ಮಾಡಿದರು ಅನ್ನುವುದು.

ಅಮ್ಮನ ಹತ್ತಿರ ಬಾಡಿಗೆ ಕೊಡುವ ದಿನ ಮಾತಾಡಬೇಡಿ. ಅದಕ್ಕೂ ಮೊದಲು ಒಂದು ಸಂಜೆ ಹೋಗಿ. ಪೀಠಿಕೆ ಬೇಡ, ಅಳುವುದೂ ಬೇಡ. "ಅಮ್ಮ, ಫ್ರಿಜ್ ನಿಂತುಬಿಟ್ಟಿದೆ. ಏಪ್ರಿಲ್‌ನಲ್ಲಿ ಐಸ್ ತೆಗೆಯೋಕೆ ನಾನು ಒಂದ್ಸಲ ಚಾಕು ಹಾಕಿದ್ದೆ. ಅದರಿಂದ ಆಗಿದ್ರೆ ರಿಪೇರಿ ದುಡ್ಡು ನಾವೇ ಕೊಡ್ತೀವಿ. ಹಿಂದಿನ ಪೈಪು ತುಕ್ಕು ಹಿಡಿದು ಆಗಿದ್ರೆ ನೀವು ಮಾಡಿಸಿಕೊಡಬೇಕಾಗ್ತದೆ. ಮೆಕ್ಯಾನಿಕ್ ಬರ್ತಾರೆ, ನೀವೂ ಮೇಲೆ ಬಂದು ನೋಡಿ." ಇಷ್ಟು ಸಾಕು. ಅವರು ಆ ಹೊತ್ತಿಗೆ ಬೇಜಾರು ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ, ಎರಡು ದಿನ ಬಿಡಿ. ಅಥವಾ ಹೋಗಲಿ ಬಿಡು ಮಗಾ ಅನ್ನಬಹುದು. ಹಾಗಂದರೂ ಲೆಕ್ಕವನ್ನು ಅಲ್ಲಿಗೇ ಬಿಡಬೇಡಿ, ಅವತ್ತೇ ಮುಗಿಸಿ.

ಯಾಕೆ ಅಂದರೆ ನಿಮ್ಮಿಬ್ಬರ ನಡುವೆ ತೊಂದರೆ ಶುರುವಾದದ್ದು ಫ್ರಿಜ್‌ನಿಂದ ಅಲ್ಲ. ಕಪ್ಲರ್ ಹಾಕಿಸಿದಾಗ ಹೇಳಲಿಲ್ಲ, ಬರ್ನರ್ ಹಾಕಿಸಿದಾಗ ಹೇಳಲಿಲ್ಲ. ಮುಲಾಜಿಗೆ ಸುಮ್ಮನಿದ್ದಿರಿ. ಆದರೆ ಮನಸ್ಸು ಎರಡನ್ನೂ ಲೆಕ್ಕಕ್ಕೆ ಬರೆದುಕೊಂಡಿದೆ, ಅದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಆ ಲೆಕ್ಕ ಅಮ್ಮನಿಗೆ ಗೊತ್ತೇ ಇಲ್ಲ. ನೀವು ಅಷ್ಟು ಸಹಿಸಿಕೊಂಡಿದ್ದೀರಿ ಅಂತ ಅವರಿಗೆ ಹೇಗೆ ತಿಳಿಯಬೇಕು?

ನನ್ನ ಅಭಿಪ್ರಾಯ ಕೇಳಿದರೆ ಆ ಎರಡನ್ನೂ ಬಿಟ್ಟುಬಿಡಿ. ದಿನಾ ಬಳಸಿ ಸವೆಯುವ ಇಂಥ ಚಿಲ್ಲರೆ ಸಾಮಾನನ್ನು ಬಾಡಿಗೆಗಿದ್ದವರೇ ಹಾಕಿಸಿಕೊಳ್ಳುವುದು ನ್ಯಾಯ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ ನಲ್ಲಿಯ ವಾಷರ್, ಸ್ವಿಚ್ಚು, ಅಡುಗೆಮನೆಯ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರ ಪಾಲಿಗಿದೆ, ವೈರಿಂಗ್ ಬದಲಿಸುವುದು ಮಾಲೀಕರ ಪಾಲಿಗಿದೆ. ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಕಾನೂನು. ಆದರೂ ಮಾತಾಡುವಾಗ ಅದನ್ನೊಂದು ಅಂದಾಜಿಗೆ ಇಟ್ಟುಕೊಳ್ಳಬಹುದು.

ಫ್ರಿಜ್ ಮಾತ್ರ ಚಿಲ್ಲರೆ ಅಲ್ಲ. ಅದೂ ಇದೆ ಅಂತಲೇ ನೀವು ತಿಂಗಳಿಗೆ ಒಂದು ಸಾವಿರ ಜಾಸ್ತಿ ಕೊಡುತ್ತಿದ್ದೀರಿ. ಒಂದೂವರೆ ವರ್ಷಕ್ಕೆ 18,000 ಆಯಿತು. ಅಮ್ಮ ನಿಮಗೆ ಫ್ರಿಜ್ ಧರ್ಮಕ್ಕೆ ಕೊಟ್ಟಿಲ್ಲ. ಅವರ ಪ್ರೀತಿಯೂ ನಿಜ, ಬಾಡಿಗೆಯೂ ನಿಜ. ಜ್ವರದ ರಾತ್ರಿ ಅವರು ಕೂತಿದ್ದರು ಅನ್ನುವ ಕಾರಣಕ್ಕೆ ನೀವು ತುಕ್ಕು ಹಿಡಿದ ಪೈಪಿಗೆ ದುಡ್ಡು ಕಟ್ಟಬೇಕಾಗಿಲ್ಲ. ಹಾಗೆ ಕಟ್ಟಿದರೆ ಆ ಋಣ ತೀರುವುದೂ ಇಲ್ಲ. ತೂತು ಚಾಕುವಿನದೇ ಆಗಿದ್ದರೆ ರಿಪೇರಿ ಖರ್ಚು ನಿಮ್ಮದು. ರಿಪೇರಿ ಖರ್ಚು ಅಷ್ಟೇ, ಹನ್ನೆರಡು ವರ್ಷದ ಫ್ರಿಜ್‌ಗೆ ಬದಲಾಗಿ ಹೊಸದು ಕೊಡಿಸುವ ಹೊಣೆ ಅಲ್ಲ. ತುಕ್ಕಿನದಾದರೆ ಅವರದು. ಎಲ್ಲಿ ಅಂತ ತಿಳಿಯದೇ ಹೋದರೆ ಅರ್ಧ ಅರ್ಧ.

ಅಮ್ಮನ ಮಗನಿಗೂ ತಿಳಿಸಬೇಕು, ಅಗ್ರಿಮೆಂಟ್ ಅವರ ಕೈಯಲ್ಲಿದೆ. ಅಮ್ಮನಿಗೆ ಹೇಳಿದ ಮೇಲೆ, ಅದೇ ದಿನ, ನಿಮ್ಮ ಮನೆಯವರು ಒಂದು ಮೆಸೇಜ್ ಹಾಕಲಿ. ಫೋಟೋ, ಮೆಕ್ಯಾನಿಕ್ ಹೇಳಿದ ಖರ್ಚು, ಚಾಕುವಿನ ವಿಷಯ, ಮೂರೂ ಅದರಲ್ಲಿರಲಿ. ದೂರದಲ್ಲಿರುವ ಮಗನಿಗೆ ತಾಯಿಯನ್ನು ಯಾರಾದರೂ ಮೋಸ ಮಾಡಿಯಾರು ಅನ್ನುವ ಭಯ ಇದ್ದೇ ಇರುತ್ತದೆ. ನೀವಾಗಿಯೇ ಎಲ್ಲ ಹೇಳಿದಿರಿ ಅಂದರೆ ಆ ಭಯ ಅರ್ಧ ಇಳಿಯುತ್ತದೆ. ಅವರು ಒಪ್ಪಲಿಲ್ಲ ಅಂದರೆ ನೇರವಾಗಿ ಅವರ ಹತ್ತಿರವೇ ಮಾತಾಡಿ. ಅಮ್ಮನ ಮೂಲಕ ಸುದ್ದಿ ಕಳಿಸಿ ಅವರನ್ನು ನಡುವೆ ಸಿಕ್ಕಿಸಬೇಡಿ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ ಸಾಲು ಬೇರೆಯೇ ಇದೆ. ಮಿಕ್ಸಿ ಮುಟ್ಟಿದರೆ ಕೈ ಝುಂ ಅನ್ನುತ್ತದೆ ಅಂತ ಬರೆದು ಸುಮ್ಮನೆ ಮುಂದೆ ಹೋಗಿದ್ದೀರಿ. ದಯವಿಟ್ಟು ಅದನ್ನು ಇವತ್ತೇ ಪ್ಲಗ್‌ನಿಂದ ಕಿತ್ತು ಮೇಲಿಡಿ. ಮಳೆಗಾಲದಲ್ಲಿ ನೆಲ ಒದ್ದೆ, ಕಾಲು ಬರಿಗಾಲು, ಮನೆಯಲ್ಲಿ ಎಲ್ಲವನ್ನೂ ಮುಟ್ಟಿ ನೋಡುವ ಮೂರು ವರ್ಷದ ಮಗು. ಮಿಕ್ಸಿಯೊಳಗೆ ತೇವ ಹೋಗಿರಬಹುದು, ವೈರಿನ ಹೊದಿಕೆ ಸವೆದಿರಬಹುದು, ಅಥವಾ ಮನೆಯ ಅರ್ಥಿಂಗೇ ಸರಿ ಇಲ್ಲದಿರಬಹುದು. ಒಬ್ಬ ಎಲೆಕ್ಟ್ರಿಷಿಯನ್‌ನ ಕರೆಸಿ ಮಿಕ್ಸಿ ಮತ್ತು ಅರ್ಥಿಂಗ್ ಎರಡನ್ನೂ ನೋಡಿಸಿ. ಫ್ರಿಜ್, ಗೀಸರ್ ಮೈಯಲ್ಲೂ ಕರೆಂಟ್ ಬರುತ್ತಿದೆಯಾ ಅಂತ ಟೆಸ್ಟ್ ಮಾಡಲಿ. ಮೀಟರ್ ಬೋರ್ಡಿನ ಹತ್ತಿರ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ಕೇಳಿ. ಕರೆಂಟ್ ಸೋರಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಲೈನ್ ಕಡಿದುಹಾಕುವ ಸ್ವಿಚ್ಚು ಅದು, ಜೀವ ಉಳಿಸುತ್ತದೆ. ಅರ್ಥಿಂಗ್, ವೈರಿಂಗ್ ಮಾಲೀಕರದ್ದೇ ಕೆಲಸ. ಇಲ್ಲಿ ಯಾವ ಮುಲಾಜೂ ಬೇಡ. ಮೇಲೆ ಕೆಳಗೆ ಎರಡೂ ಮನೆಗೆ ಒಂದೇ ಅರ್ಥಿಂಗ್ ಇದ್ದರೆ ಅಪಾಯ ಅಮ್ಮನಿಗೂ ಅಷ್ಟೇ ಇದೆ, ಅವರು ಒಬ್ಬರೇ ಇರುವವರು. ಫ್ರಿಜ್‌ನ ಮಾತು ಎರಡು ದಿನ ತಡವಾದರೂ ಪರವಾಗಿಲ್ಲ, ಇದನ್ನು ಮಾತ್ರ ಇವತ್ತೇ ಹೋಗಿ ಹೇಳಿ.

ಫ್ರಿಜ್‌ನ ವಿಷಯ ಬಗೆಹರಿಯುವವರೆಗೆ ಹಾಲನ್ನು ಎರಡು ಹೊತ್ತೂ ಕಾಯಿಸಿ, ಕಾಯಿ ಬೇಕಾದಷ್ಟೇ ತುರಿಯಿರಿ, ದೋಸೆ ಹಿಟ್ಟು ಒಂದು ದಿನದ್ದು ಸಾಕು. ಮಗನ ಔಷಧಿ ಫ್ರಿಜ್‌ನಲ್ಲೇ ಇಡಬೇಕಾದದ್ದಿದ್ದರೆ ಅಮ್ಮನ ಫ್ರಿಜ್‌ನಲ್ಲಿಡಲು ಕೇಳಿ. ಮುಖ ತಪ್ಪಿಸುವುದನ್ನು ಬಿಟ್ಟರೆ ಇದೆಲ್ಲ ಸಲೀಸು.

ರಿಪೇರಿಗೆ ಮುಂಚೆ ಒಂದು ಯೋಚನೆ ಮಾಡಿ. ಹನ್ನೆರಡು ವರ್ಷದ ಫ್ರಿಜ್‌ನಲ್ಲಿ ಒಂದು ಕಡೆ ತುಕ್ಕು ತೂತಾಗಿದೆ ಅಂದರೆ ಇನ್ನೊಂದು ಕಡೆಯೂ ಆಗಲು ಬಹಳ ದಿನ ಬೇಕಿಲ್ಲ. ತುಕ್ಕಿನ ಲೀಕ್ ಆಗಿದ್ದರೆ ನಾನಾದರೆ ನಾಲ್ಕು ಸಾವಿರ ಹಾಕಿಸುವುದಿಲ್ಲ, ಯಾರ ಜೇಬಿನಿಂದಲೂ. ಹಳೆಯದನ್ನು ಅಮ್ಮನಿಗೇ ಒಪ್ಪಿಸಿ, ಚಿಕ್ಕದೊಂದು ನಿಮ್ಮದೇ ಕೊಂಡುಕೊಳ್ಳಿ, ಆ ಸಾವಿರದಲ್ಲಿ ಐನೂರಾದರೂ ಇಳಿಸಿಕೊಡಿ ಅಂತ ಕೇಳಿ. ಇದಕ್ಕೆ ಅಮ್ಮನೂ ಅವರ ಮಗನೂ ಒಪ್ಪುವ ಸಾಧ್ಯತೆ ಜಾಸ್ತಿ, ಅವರ ಕೈಯಿಂದ ಒಮ್ಮೆಗೇ ದೊಡ್ಡ ಮೊತ್ತ ಹೋಗುವುದಿಲ್ಲ. ಬಿಲ್ ನಿಮ್ಮ ಹೆಸರಲ್ಲೇ ಇರಲಿ. ಮುಂದಿನ ಸಲ ಅಗ್ರಿಮೆಂಟ್ ಬರೆಯುವಾಗ ಅಮ್ಮನ ಸಾಮಾನು ಯಾವುದು, ಎಷ್ಟು ಹಳೆಯದು, ಕೆಟ್ಟರೆ ಯಾರು ಮಾಡಿಸಬೇಕು ಅಂತ ಒಂದೊಂದು ಸಾಲು ಸೇರಿಸಲು ಹೇಳಿ. ಹೊಸ ಫ್ರಿಜ್ ನಿಮ್ಮದು, ಮನೆ ಬಿಡುವಾಗ ನೀವು ತೆಗೆದುಕೊಂಡು ಹೋಗುತ್ತೀರಿ ಅನ್ನುವುದನ್ನೂ ಅಲ್ಲೇ ಬರೆಸಿ.