ತೂಕದ ತಪ್ಪು, ಎಣಿಕೆಯ ತಪ್ಪು

ಪ್ರಶ್ನೆ: ತೂಕದಲ್ಲಿ ಸಣ್ಣ ವ್ಯತ್ಯಾಸವನ್ನು ಕಾನೂನೇ ಒಪ್ಪುತ್ತದೆ. ಮತ ಎಣಿಕೆಯಲ್ಲಿ ಮಾತ್ರ ಒಂದು ಮತವೂ ತಪ್ಪಬಾರದೇಕೆ?

ಉತ್ತರ: ತೂಕ ಎಂಬುದು ಅಳತೆ, ಮತ ಎಂಬುದು ಎಣಿಕೆ. ಒಂದು ಕಿಲೋ ಬೇಳೆಯನ್ನು ಹತ್ತು ಸಲ ಇಟ್ಟರೂ ಅಂಗಡಿಯ ತಕ್ಕಡಿ 1,050 ಗ್ರಾಂ ಎಂದೇ ತೋರಿಸಿದರೆ ಅದು ಸ್ಥಿರವಾಗಿದೆ, ಆದರೆ ನಿಖರವಾಗಿಲ್ಲ. ಮುದ್ರೆ ಬಿದ್ದ ತೂಕದ ಕಲ್ಲನ್ನು ಇಟ್ಟು ನೋಡಿದಾಗಲೇ ದೋಷ ಹೊರಬೀಳುತ್ತದೆ. ಯಾವ ಅಳತೆಯಲ್ಲೂ ಕೂದಲೆಳೆಯಷ್ಟು ತಪ್ಪು ಉಳಿದೇ ಉಳಿಯುವುದರಿಂದ ಕಾನೂನು ಅದಕ್ಕೊಂದು ಮಿತಿ ಹಾಕಿದೆ.

ಮತದಲ್ಲಾದರೋ ಅರ್ಧ, ಕಾಲು ಎಂಬುದಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದವು. ತಕ್ಕಡಿಯಲ್ಲಾಗಿದ್ದರೆ ಯಾರೂ ಗಮನಿಸದಷ್ಟು ಕಿರಿದಾದ ಈ ಅಂತರವೇ ಶಾಸಕರು ಯಾರೆಂಬುದನ್ನು ತೀರ್ಮಾನಿಸಿತು.

ಇನ್ನು, ಮೊತ್ತ ಸರಿಯಿದ್ದ ಮಾತ್ರಕ್ಕೆ ನಿಖರತೆ ಬಂದಂತಲ್ಲ. ಒತ್ತಿದ ಗುಂಡಿಗೂ ದಾಖಲಾದ ಮತಕ್ಕೂ ತಾಳೆಯಿರಬೇಕು. ಅದಕ್ಕೆಂದೇ ಮತಯಂತ್ರಕ್ಕೆ ಜೋಡಿಸಿದ ವಿವಿಪ್ಯಾಟ್ ಎಂಬ ಮುದ್ರಣ ಸಾಧನದಿಂದ ಬರುವ, ಮತ ಯಾರಿಗೆ ಬಿತ್ತೆಂದು ತೋರಿಸುವ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಮತದಾರರಿಗೆ ಕಾಣುತ್ತದೆ. ಎಣಿಕೆಯ ದಿನ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಕೈಯಿಂದ ಎಣಿಸಿ, ಯಂತ್ರದ ಲೆಕ್ಕದೊಂದಿಗೆ ಹೋಲಿಸಿ ನೋಡುತ್ತಾರೆ.